ರಾಯರ ಮತಿ

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಒಪ್ಪಿದೆ. ಆದರೆ ಸತ್ತವರ ಬಗ್ಗೆ ಸುಳ್ಳು ಆಡಬಹುದು ಎಂದು ಯಾವ ಶಾಸ್ತ್ರದಲ್ಲಿ ಬರೆದಿದೆಯೋ ನನಗೆ ಗೊತ್ತಿಲ್ಲ. ಕಳೆದ ಭಾನುವಾರ ತಿರುವನಂತಪುರದ ನಮ್ಮ ಕನ್ನಡ ಸಂಘದಲ್ಲಿ ನಡೆದ ಸಂತಾಪ ಸಭೆಯಲ್ಲಿ ಒಬ್ಬರಾದ ಮೇಲೊಬ್ಬರು ಎದ್ದು ಅದನ್ನೇ ಮಾಡಿದರು. ಬಹುಭಾಷಾ ಕೋವಿದರಂತೆ. ಯಂತ್ರಶಾಸ್ತ್ರ ಬಲ್ಲವರಂತೆ. ಸತ್ತ ಎಂಜಿನ್ನಿಗೆ ತೆಂಗಿನೆಣ್ಣೆಯಲ್ಲಿ ಜೀವ ಬರಿಸಿದ ಸಂಶೋಧಕರಂತೆ. ಅಧ್ಯಕ್ಷರು ನನ್ನ ಕಡೆ ತಿರುಗಿ, "ನೀವು ಅವರನ್ನು ಹತ್ತಿರದಿಂದ ಕಂಡವರು, ಎರಡು ಮಾತಾಡಿ" ಎಂದರು. ನಾನು ಗಂಟಲು ತೋರಿಸಿ, ಕೆಮ್ಮಿ, ಕೂತುಬಿಟ್ಟೆ. ಅಲ್ಲಿ ನುಂಗಿದ್ದನ್ನು ಇಲ್ಲಿ ಉಗುಳುತ್ತಿದ್ದೇನೆ.

ಹೆಸರು ಬೇಡ. ರಾಯರು ಎಂದರೆ ಸಾಕು. ಆ ಕಾಲಕ್ಕೆ ಮೈಸೂರಿನಿಂದ ಬಂದ ಅಧಿಕಾರಿಗಳಲ್ಲಿ ಅರ್ಧ ಜನ ರಾಯರೇ ಆಗಿದ್ದರು. ಕೇರಳ ರಾಜ್ಯ ಹುಟ್ಟಿ ಒಂದೆರಡು ವರ್ಷವಾಗಿತ್ತಷ್ಟೆ. ನಮ್ಮ ಕಾಸರಗೋಡು ಅದರ ಪಾಲಿಗೆ ಬಂದಿದ್ದರಿಂದ ನನ್ನಂಥವರು ಮನೆಯ ಜಗಲಿಯಲ್ಲಿ ಕೂತಲ್ಲೇ ಬೇರೆ ರಾಜ್ಯದವರಾಗಿದ್ದೆವು. ತಿರುವನಂತಪುರದ ಪಟ್ಟಂನಲ್ಲಿದ್ದ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ನಾನು ಗುಮಾಸ್ತ, ಅವರು ಸೂಪರಿಂಟೆಂಡೆಂಟ್. ಪಕ್ಕಪಕ್ಕದ ಬಾಡಿಗೆ ಮನೆ. ಕಚೇರಿಯ ಆರು ದಿನ ಅವರ ಕೈಕೆಳಗೆ, ಏಳನೆಯ ದಿನ ಅವರ ಅಂಗಳದಲ್ಲಿ. ಇಂಥ ಯೋಗ ಎಲ್ಲರಿಗೂ ಬರುವುದಿಲ್ಲ.

ಅವರು ನನ್ನನ್ನು ಹೆಸರಿನಿಂದ ಕರೆದದ್ದೇ ಇಲ್ಲ. "ಏನ್ರೀ ಕಾಸರಗೋಡು" ಎನ್ನುತ್ತಿದ್ದರು. ಮಾತಿಗೆ ಮೊದಲು ಬೆಳ್ಳಿಯ ನಶ್ಯದ ಡಬ್ಬಿ ತೆರೆಯುವುದು, ಎರಡು ಬೆರಳಲ್ಲಿ ಚಿಟಿಕೆ ಹಿಡಿದು ಕಣ್ಣು ಮೇಲೆ ಮಾಡಿ ಏರಿಸುವುದು, ಕಂದು ಕರೆಗಟ್ಟಿದ ಕರ್ಚೀಫಿನಲ್ಲಿ ಮೂಗು ಒರೆಸುವುದು, ಆಮೇಲೆ ತೀರ್ಪು. ನಶ್ಯ ಏರಿಸಿ ಏರಿಸಿ ಅವರ ಮೂಗು ಸಂಪೂರ್ಣ ಸತ್ತುಹೋಗಿತ್ತು. ಮಲ್ಲಿಗೆಗೂ ಒಣಮೀನಿಗೂ ವ್ಯತ್ಯಾಸ ತಿಳಿಯದ ಮೂಗದು. ಅಂಥ ಮೂಗಿಟ್ಟುಕೊಂಡು ಅವರು ಹೇಳುತ್ತಿದ್ದರು: "ಮಲಯಾಳ ಅಂದ್ರೆ ಬೇರೇನಿಲ್ಲ ಕಣ್ರೀ, ನೆಗಡಿಯಾದ ಕನ್ನಡ."

ಈ ನೆಗಡಿಗೆ ಅವರ ಬಳಿ ಮದ್ದೂ ಇತ್ತು. ಒಂದು ಸೂತ್ರ. "ವ ಇದ್ದ ಕಡೆ ಬ ಹಾಕಿ. ವೇಂಡ, ಬೇಡ. ವಂಡಿ, ಬಂಡಿ. ವೆಳಿಚ್ಚಂ, ಬೆಳಕು. ಆಯ್ತಲ್ಲ, ಮಲಯಾಳ ಬಂತು!" ಸೂತ್ರ ಪೂರ್ತಿ ತಪ್ಪಾಗಿದ್ದರೆ ಯಾರಾದರೂ ಒಂದು ದಿನ ಬಿಡಿಸುತ್ತಿದ್ದರು. ಅದು ಅರ್ಧ ಸರಿಯಿತ್ತು, ಅದೇ ತೊಂದರೆ. ಅರ್ಧ ಸರಿಯಿರುವವನನ್ನು ಬ್ರಹ್ಮನೂ ತಿದ್ದಲಾರ.

ಸೂತ್ರಕ್ಕೆ ಸಿಗದ ಮಾತುಗಳನ್ನು ಅವರು ಹಾಗೆಯೇ ಕನ್ನಡವೆಂದು ತಿಳಿದುಕೊಳ್ಳುತ್ತಿದ್ದರು. ಮಲಯಾಳದಲ್ಲಿ 'ಮತಿ' ಎಂದರೆ 'ಸಾಕು'. ಕೇರಳಕ್ಕೆ ಬಂದವನು ಮೊದಲ ಊಟದಲ್ಲೇ ಕಲಿಯುವ ಮಾತು. ಆದರೆ ರಾಯರು ಹೊರಗೆ ಊಟ ಮಾಡುವವರಲ್ಲ, ಮಡಿ. ಒಂದು ದಿನ ನಮ್ಮ ಅಟೆಂಡರನನ್ನು ನಿಲ್ಲಿಸಿಕೊಂಡು ಶಿಸ್ತಿನ ಮೇಲೆ ಭಾಷಣ ಕೊಟ್ಟರು. ಅವನು ಪಾಪ ಕಾಲು ಬದಲಿಸಿ ಬದಲಿಸಿ ನಿಂತು ಕೊನೆಗೆ ಕೈ ಮುಗಿದ. "ಮತಿ ಸಾರ್, ಮತಿ!"

ರಾಯರು ಹಿಗ್ಗಿ ನಮ್ಮ ಕಡೆ ತಿರುಗಿದರು. "ನೋಡಿದ್ರಾ? ಅಟೆಂಡರ್‌ಗೂ ಗೊತ್ತು, ಈ ತಲೇಲಿರೋ ಮತಿ ಎಂಥದ್ದು ಅಂತ."

ಅಂದಿನಿಂದ ಇಡೀ ಕಚೇರಿಗೆ ಅದೊಂದು ಹಬ್ಬ. ಅವರ ಮಾತು ಉದ್ದವಾದಾಗಲೆಲ್ಲ ಮೂಲೆಯಿಂದ ಯಾರಾದರೂ "ಮತಿ ಸಾರ್" ಎನ್ನುವುದು, ಅವರು ವಿನಯದಿಂದ ತಲೆಬಾಗಿ ಇನ್ನಷ್ಟು ಮಾತಾಡುವುದು. ನಮ್ಮ ಗುಂಡಿ ನಾವೇ ತೋಡಿಕೊಂಡಂತಾಯಿತು.

ಈಗ ಕಾರಿನ ವಿಷಯ. ಅದು ರಾಯರ ಮಾವನದು. ಮಾವ ಉಡುಪಿ ಕಡೆಯವರು, ಎರ್ಣಾಕುಳದ ದೋಣಿ ಜೆಟ್ಟಿಯ ಬಳಿ ಹೋಟೆಲ್ ಇಟ್ಟಿದ್ದವರು. ಅವರ ದೋಸೆಗೆ ಮನಸೋತಿದ್ದ ಚಹಾ ಕಂಪನಿಯ ಬಿಳಿಯನೊಬ್ಬ ಯುದ್ಧ ಶುರುವಾದಾಗ ಊರಿಗೆ ಹೊರಟವನು ತನ್ನ ವಿಲಾಯಿತಿ ಕಾರನ್ನು ಇವರಿಗೆ ಬಿಟ್ಟುಹೋದನಂತೆ. ಮಾವ ಕೋಟು ತೊಟ್ಟು ಸಂಜೆ ಗೆಳೆಯರನ್ನು ಕೂರಿಸಿಕೊಂಡು ಕಾಯಲಿನ ದಂಡೆಯಲ್ಲಿ, ಎಂದರೆ ಆ ಉಪ್ಪುನೀರಿನ ಬದಿಯ ರಸ್ತೆಯಲ್ಲಿ, ಓಡಾಡುತ್ತಿದ್ದರು. ಆಮೇಲೆ ಪೆಟ್ರೋಲಿಗೆ ರೇಷನ್ ಬಂತು, ಕಾರು ಹೋಟೆಲಿನ ಹಿಂದಿನ ಸೌದೆ ಕೊಟ್ಟಿಗೆ ಸೇರಿತು. ಮಾವ ತೀರಿಕೊಂಡರು. ಕಾರಿನ ಮೇಲೆ ತೆಂಗಿನ ಮಟ್ಟೆ ಬಿತ್ತು, ಒಳಗೆ ಇಲಿಗಳ ಸಂಸಾರ ಬೆಳೆಯಿತು.

ಇದನ್ನೆಲ್ಲ ನನಗೆ ಹೇಳಿದವರು ರಾಯರ ಹೆಂಡತಿ. ನನ್ನದೂ ಕರಾವಳಿಯ ಕನ್ನಡವಾದ್ದರಿಂದ ನನ್ನ ಹತ್ತಿರ ಅವರಿಗೆ ಸಲಿಗೆ. ಕಾಫಿ ಕೊಡುತ್ತಾ ಒಂದು ದಿನ ಅಂದರು: "ಅಮ್ಮ ಜೀವಮಾನ ಇಡೀ ಆ ಹೋಟೆಲಿನ ಬಾಣಲೆಯ ಮುಂದೆ ಕೂತವಳು. ಕಾರು ಬಂದ ಹೊಸತರಲ್ಲಿ ಒಮ್ಮೆ ತೆಂಗಿನೆಣ್ಣೆಯಲ್ಲಿ ಬಾಳೆಕಾಯಿ ಉಪ್ಪೇರಿ ಕರಿದು ಮುಗಿಸಿ, ಕೈ ಒರೆಸಿಕೊಂಡು ಹೋಗಿ ಹಿಂದಿನ ಸೀಟಿನಲ್ಲಿ ಕೂತಳಂತೆ. ಅಪ್ಪಯ್ಯ ಗಿರಾಕಿಗಳ ಎದುರಿಗೇ, 'ಇಳಿ ಇಳಿ, ಎಣ್ಣೆ ವಾಸನೆ ಸೀಟಿಗೆ ಹಿಡೀತದೆ' ಅಂದ್ರು. ಇಳಿದಳು. ಮತ್ತೆ ಹತ್ತಲಿಲ್ಲ."

ಖಾಲಿ ಲೋಟ ತೆಗೆದುಕೊಳ್ಳುತ್ತಾ ಮತ್ತೆ ಹೇಳಿದರು: "ಈಗ ಅವಳಿಗೆ ಹೃದಯ ಸೋತಿದೆ. ಡಾಕ್ಟರು ಮೆಟ್ಟಿಲು ಹತ್ತಬೇಡಿ ಅಂದಿದ್ದಾರೆ. ಯಾವತ್ತೂ ಒಂದು ಕೇಳದವಳು, ಈ ಸಲ ಹೋದಾಗ ಕೇಳಿದಳು. 'ಸಾಯುವ ಮೊದಲು ಅದರಲ್ಲಿ ಕೂತು ಒಂದು ಸಲ ಬೀದಿ ನೋಡ್ಬೇಕು ಮೋಳೇ' ಅಂತ."

ಮೋಳೇ ಎಂದರೆ ಮಗಳೇ. ಎರ್ಣಾಕುಳದ ವಾಸ ಮುದುಕಿಯ ಕನ್ನಡಕ್ಕೆ ಇಷ್ಟು ಮಲಯಾಳ ಬೆರೆಸಿತ್ತು.

ರಾಯರು ಈ ಕೆಲಸಕ್ಕೆ ಕೈ ಹಾಕಿದ್ದು ಅತ್ತೆಯ ಮೇಲಿನ ಕರುಣೆಯಿಂದಲ್ಲ. ಅವರ ಭಾವಮೈದ ಕಾರನ್ನು ಗುಜರಿಗೆ ಹಾಕುವೆನೆಂದು ಹೇಳಿ, "ಇದನ್ನು ಇನ್ನು ದೇವರೇ ಬಂದರೂ ಓಡಿಸಲಾರ" ಎಂದುಬಿಟ್ಟಿದ್ದ. ದೇವರಿಂದಾಗದ್ದು ಎಂದರೆ ರಾಯರಿಗೆ ತಮ್ಮನ್ನೇ ಕರೆದಂತೆ ಕೇಳಿಸಿತು. ಲಾರಿಯಲ್ಲಿ ಹೇರಿಸಿ ಪಟ್ಟಂಗೆ ತರಿಸಿದರು. ಅಂಗಳದಲ್ಲಿ ಇಳಿಸಿದಾಗ ಅದರೊಳಗಿಂದ ಇಲಿಗಳು ಹೊರಬಿದ್ದು ನನ್ನ ಮನೆ ಸೇರಿದವು. "ಒಬ್ಬ ಮೆಕ್ಯಾನಿಕ್ಕನ್ನು ಕರೆಸೋಣವೇ ಸಾರ್?" ಎಂದು ನಾನು ಕೇಳಿದೆ. "ಮೆಕ್ಯಾನಿಕ್ ಯಾಕ್ರೀ? ಮತಿ ಇದ್ರೆ ಸಾಕು" ಎಂದರು. ತಾವು ಎರಡು ಭಾಷೆಯಲ್ಲಿ ಒಂದೇ ಮಾತನ್ನು ಹೇಳಿದ್ದು ಅವರಿಗೆ ಗೊತ್ತಿರಲಿಲ್ಲ.

ಭಾನುವಾರಗಳು ಹೀಗೆ ಕಳೆದವು. ರಾಯರು ಆರಾಮಕುರ್ಚಿಯಲ್ಲಿ, ಕೈಯಲ್ಲಿ ಬಿಳಿಯನ ಕಾಲದ ಇಂಗ್ಲಿಷ್ ಕೈಪಿಡಿ. ನಾನು ಬಾನೆಟ್ಟಿನ ಕೆಳಗೆ, ಕೈಯಲ್ಲಿ ತಂತಿ ಬ್ರಷ್ಷು. ಅವರು ಓದುವುದು, ನಾನು ಕೆರೆಯುವುದು. ಸೈಲೆನ್ಸರಿನೊಳಗಿಂದ ತೆಂಗಿನ ನಾರು ಎಳೆದೆ, ಪ್ಲಗ್ಗುಗಳ ತುಕ್ಕು ತಿಕ್ಕಿದೆ, ಕಾರ್ಬುರೇಟರಿನಿಂದ ಕಣಜದ ಗೂಡು ಕೆಡವಿ ಕೈ ಊದಿಸಿಕೊಂಡೆ. ಸಂಜೆ ಬಂದವರ ಮುಂದೆ ರಾಯರು ಹೇಳುತ್ತಿದ್ದರು: "ಇವತ್ತು ಕಾರ್ಬುರೇಟರ್ ಮುಗಿಸ್ದೆ."

ಇಷ್ಟಾಗಿಯೂ ಎಂಜಿನ್ ತಿರುಗಿಸುವ ಮುಂದಿನ ಹ್ಯಾಂಡಲ್ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ನಾವಿಬ್ಬರೂ ಅದಕ್ಕೆ ಜೋತುಬಿದ್ದೆವು, ಕಾರೇ ಎದ್ದು ಬರುವಂತಾಯಿತೇ ಹೊರತು ಎಂಜಿನ್ ತಿರುಗಲಿಲ್ಲ. ಪಿಸ್ಟನ್ನುಗಳು ತುಕ್ಕಿನಲ್ಲಿ ಕಚ್ಚಿ ಕೂತಿದ್ದವು. ಇದಕ್ಕೆ ಕೈಪಿಡಿಯಲ್ಲಿ ಉಪಾಯವಿತ್ತು: ಪ್ಲಗ್ ಬಿಚ್ಚಿ, ಆ ತೂತಿನಿಂದ ಪ್ಯಾರಫಿನ್ ಸುರಿದು ನೆನೆಯಲು ಬಿಡಿ. ಬಿಳಿಯರ ಆ ಪ್ಯಾರಫಿನ್ ಎಂದರೆ ನಮ್ಮ ಸೀಮೆಎಣ್ಣೆ. ಅಲ್ಲಿಯವರೆಗೆ ರಾಯರೂ ಸರಿಯಾಗಿಯೇ ಇದ್ದರು.

"ಸೀಮೆಎಣ್ಣೆ ಅಂದ್ರೆ ಬೆಳಕಿಗೆ ಹಾಕೋ ಎಣ್ಣೆ" ಎಂದು ನಶ್ಯ ಏರಿಸಿದರು. "ಬೆಳಕಿನ ಎಣ್ಣೆ. ಬ ತೆಗೆದು ವ ಹಾಕಿ. ವೆಳಿಚ್ಚೆಣ್ಣ! ನಡೀರಿ ಅಂಗಡಿಗೆ."

"ಸಾರ್, ವೆಳಿಚ್ಚೆಣ್ಣ ಅಂದರೆ ತೆಂಗಿನೆಣ್ಣೆ" ಎಂದೆ. "ಸೀಮೆಎಣ್ಣೆಗೆ ಇಲ್ಲಿ ಮಣ್ಣೆಣ್ಣ ಅಂತಾರೆ."

"ಮಣ್ಣು ಹಿಂಡಿದ್ರೆ ಎಣ್ಣೆ ಬರುತ್ತೇನ್ರೀ?" ಎಂದು ನಕ್ಕರು. "ನಿಮ್ಮ ಕನ್ನಡವೇ ಅರ್ಧ ಮಲಯಾಳ. ನೀವು ನನಗೆ ಭಾಷೆ ಹೇಳ್ಕೊಡ್ತೀರಾ ಕಾಸರಗೋಡು?"

ಆ ಮಾತು ನನಗೆ ಇವತ್ತಿಗೂ ಉರಿಯುತ್ತದೆ. ಕಚೇರಿಯ ಮಲಯಾಳಿಗಳಿಗೆ ನಾನು 'ಕನ್ನಡಕಾರನ್', ಈ ಮೈಸೂರಿನವರಿಗೆ ಅರ್ಧ ಮಲಯಾಳಿ. ನನ್ನ ಅಜ್ಜಿ, ಮುತ್ತಜ್ಜಿ ಆಡಿದ ಮಾತು ಯಾರ ಅಳತೆಗೂ ಸಾಲದು! ನಾನು ಖಾಲಿ ಕ್ಯಾನು ಎತ್ತಿಕೊಂಡು ಅವರ ಹಿಂದೆ ನಡೆದೆ.

ಅಂಗಡಿಯಲ್ಲಿ ರಾಯರು ಕ್ಯಾನನ್ನು ಮುಂದೆ ಚಾಚಿ "ವೆಳಿಚ್ಚೆಣ್ಣ" ಎಂದು ಗಂಭೀರವಾಗಿ ನುಡಿದರು. ಅಂಗಡಿಯವನು ಕೇಳಿದ: "ತಲಯಿಲ್ ತೇಯ್ಕಾನೋ, ಕರಿಕ್ಕೋ?" ತಲೆಗೆ ಹಚ್ಚಲಿಕ್ಕೋ ಪಲ್ಯ ಸಾಂಬಾರಿಗೋ ಎಂದು ಅದರ ಅರ್ಥ. ಕೈಪಿಡಿಯಲ್ಲಿ ಎಂಜಿನ್ನಿನ ಕರಿ, ಮಸಿ ತೆಗೆಯುವ ಅಧ್ಯಾಯವನ್ನು ಆಗಷ್ಟೇ ಓದಿದ್ದ ರಾಯರ ಮುಖ ಅರಳಿತು.

"ಕರಿಕ್ಕ್! ಕರಿಕ್ಕ್!" ಎಂದರು. ನನ್ನ ಕಡೆ ಬಾಗಿ, "ಕೇಳಿದ್ರಾ? ಕರಿ ತೆಗೆಯೋಕೆ ಅಂತ ಅಂಗಡಿಯವನಿಗೂ ಗೊತ್ತು. ನಿಮಗೆ ಗೊತ್ತಿಲ್ಲ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬುದನ್ನು ಕೇಳಿದ್ದೆ, ಅವತ್ತು ಕಂಡೆ. ಕ್ಯಾನು ತುಂಬ ಅಪ್ಪಟ ತೆಂಗಿನೆಣ್ಣೆ ಘಮಘಮಿಸುತ್ತಿತ್ತು. ಮೂಗಿದ್ದ ಯಾರಿಗಾದರೂ ಅಷ್ಟು ಸಾಕು. ಮನೆಗೆ ಬಂದಾಗ ರಾಯರ ಹೆಂಡತಿ ಬಾಗಿಲಲ್ಲಿ ನಿಂತು ಒಮ್ಮೆ ಕ್ಯಾನು ನೋಡಿದರು, ಒಮ್ಮೆ ನನ್ನ ಮುಖ ನೋಡಿದರು.

"ಹೇಳಿದ್ರಾ?" ಎಂದರು ಮೆಲ್ಲಗೆ.

"ಹೇಳಿದೆ."

"ಮತ್ತೆಂತ ಮಾಡುದು? ಹೊಯ್ಯಲಿ ಬಿಡಿ."

ಹೊಯ್ದರು. ಧನುರ್ಮಾಸದ ತಂಪಿನಲ್ಲಿ ಆ ಎಣ್ಣೆ ಒಳಗೆ ಗಟ್ಟಿಯಾಯಿತೋ ಏನೋ, ಹ್ಯಾಂಡಲ್ ಇನ್ನಷ್ಟು ಬಿಗಿಯಾಯಿತು. ರಾಯರು ಪ್ರತಿ ವಾರ ಮತ್ತಷ್ಟು ಸುರಿದರು. ಇತ್ತ ಎರ್ಣಾಕುಳದಿಂದ ಬರುವ ಸುದ್ದಿ ಒಂದಕ್ಕಿಂತ ಒಂದು ಕೆಟ್ಟದ್ದು. ಮುದುಕಿಯ ಕಾಲು ಊದಿಕೊಂಡಿದೆ, ಮುದುಕಿ ಹೋಟೆಲಿನ ಒಳಗೆ ಹೋಗುವುದನ್ನು ಬಿಟ್ಟಿದ್ದಾರೆ. ರಾಯರ ಹೆಂಡತಿ ಅಂಗಳಕ್ಕೆ ಬಂದು ಹ್ಯಾಂಡಲನ್ನು ಒಮ್ಮೆ ಮುಟ್ಟಿ ನೋಡಿ ಒಳಗೆ ಹೋಗುತ್ತಿದ್ದರು. ನನಗೆ ರಾಯರ ಮೇಲೆ ಬರುತ್ತಿದ್ದ ಸಿಟ್ಟು ಅಷ್ಟಿಷ್ಟಲ್ಲ.

ಶಿವರಾತ್ರಿ ಕಳೆದು ಬಿಸಿಲು ಏರಿತು. ಬಾನೆಟ್ಟಿನ ಮೇಲೆ ಕೈ ಇಟ್ಟರೆ ಚುರುಗುಟ್ಟುವಂಥ ಒಂದು ಮಧ್ಯಾಹ್ನ, ಅಭ್ಯಾಸಬಲದಿಂದ ಹ್ಯಾಂಡಲ್ ಒತ್ತಿದೆ. ಒಳಗೆಲ್ಲೋ ಹಲ್ಲು ಕಿತ್ತಂಥ ಸದ್ದಾಯಿತು. ಹ್ಯಾಂಡಲ್ ತಿರುಗಿತು! ಬಿಸಿಲಿಗೆ ಕರಗಿದ ತೆಂಗಿನೆಣ್ಣೆ ಸಂದುಸಂದಿಗೆ ಇಳಿದು ಸೀಮೆಎಣ್ಣೆಯ ಕೆಲಸವನ್ನು ತಾನೇ ಮಾಡಿಬಿಟ್ಟಿತ್ತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ನನಗೆ ಸಂತೋಷಕ್ಕಿಂತ ಹೊಟ್ಟೆಯುರಿಯೇ ಹೆಚ್ಚಾಯಿತು.

ಹೊಸ ಬ್ಯಾಟರಿ ಬಂತು, ಪೆಟ್ರೋಲ್ ಬಂತು. ಮುಂದಿನ ಭಾನುವಾರ ಎಂಜಿನ್ ಎರಡು ಸಲ ಕೆಮ್ಮಿತು, ಒಂದು ಸಲ ಸಿಡಿಯಿತು, ಮಾವಿನ ಮರದ ಕಾಗೆಗಳೆಲ್ಲ ಎದ್ದವು, ಆಮೇಲೆ ಗುಡುಗುಡು ಎಂದು ಹತ್ತಿಕೊಂಡೇ ಬಿಟ್ಟಿತು. ಹಿಂದಿನಿಂದ ನೀಲಿ ಹೊಗೆ ಸುರುಳಿಸುರುಳಿಯಾಗಿ ಎದ್ದು ಇಡೀ ಬೀದಿಗೆ ಹರಡಿತು. ಎಂಥ ಹೊಗೆ! ಬಾಳೆಕಾಯಿ ಉಪ್ಪೇರಿ ಕರಿದ ವಾಸನೆ. ಸುತ್ತಮುತ್ತಲಿನ ಮನೆಯವರೆಲ್ಲ ಮೂಗು ಅರಳಿಸಿಕೊಂಡು ಹೊರಬಂದರು. ಎದುರುಮನೆಯ ನಿವೃತ್ತ ಹೆಡ್‌ಮಾಸ್ಟರರು ಬೇಲಿಯ ಮೇಲಿಂದ ಕೇಳಿದರು: "ಎಂದಾ ಸಾರೇ, ಸದ್ಯಯೋ?" ಮಲಯಾಳದ 'ಸದ್ಯ' ಎಂದರೆ ಹಬ್ಬದೂಟ.

"ಹೌದು, ಹೌದು, ಸದ್ಯ ಸ್ಟಾರ್ಟ್ ಆಯ್ತು!" ಎಂದು ರಾಯರು ಟವೆಲ್ ಬೀಸಿದರು.

ಹೆಡ್‌ಮಾಸ್ಟರರು ಗೇಟು ದಾಟಿ ಬಂದು, ಕ್ಯಾನಿನಲ್ಲಿ ಬೆರಳದ್ದಿ ಮೂಸಿ, ಇದು ತೆಂಗಿನೆಣ್ಣೆಯಲ್ಲವೇ ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಕೇಳಿದರು. ಇಷ್ಟು ದಿನ ಕಾದಿದ್ದ ಘಳಿಗೆ ಬಂತೆಂದು ನಾನು ರಾಯರ ಮುಖವನ್ನೇ ನೋಡಿದೆ. ಅವರು ಡಬ್ಬಿ ತೆಗೆದರು. ಚಿಟಿಕೆ ಏರಿಸಿದರು. ಕರ್ಚೀಫಿನಲ್ಲಿ ಒರೆಸಿದರು.

"ತೆಂಗಿನೆಣ್ಣೆಯೇ" ಎಂದರು. "ದೇಶಕ್ಕೆ ತಕ್ಕ ಔಷಧ. ಕೇರಳದ ನೀರು ಕುಡಿದ ಎಂಜಿನ್ನಿಗೆ ಬೇರೆ ಯಾವ ಎಣ್ಣೆಯೂ ಒಗ್ಗೋದಿಲ್ಲ. ಬೇಕಂತಲೇ ಹಾಕಿದ್ದು."

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಅಂದಿನಿಂದ ಎಂಜಿನ್ ಆಯಿಲ್ ಕಡಿಮೆಯಾದಾಗಲೆಲ್ಲ ಅವರು ತೆಂಗಿನೆಣ್ಣೆಯನ್ನೇ ತುಂಬಿಸತೊಡಗಿದರು. ಸವೆದ ಎಂಜಿನ್ ಅದನ್ನು ಧಾರಾಳವಾಗಿ ಸುಡುತ್ತಿತ್ತು. ಕಾರು ಹೋದಲ್ಲೆಲ್ಲ ಉಪ್ಪೇರಿ ವಾಸನೆ ಹೋಗುತ್ತಿತ್ತು. ಸಂತಾಪ ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸಿದ ಸಂಶೋಧನೆ ಇದೇ.

ಇನ್ನು ಎರ್ಣಾಕುಳಕ್ಕೆ ಹೊರಡಬೇಕಲ್ಲವೇ? ರಾಯರಿಗೆ ಅದರ ನೆನಪೇ ಇಲ್ಲ. ಒಂದು ವಾರ ಪಕ್ಕದ ಶ್ರೀಕಾರ್ಯಂವರೆಗೆ ಸವಾರಿ. ಇನ್ನೊಂದು ವಾರ ದೊಡ್ಡ ಸಾಹೇಬರ ಮನೆ ಮುಂದೆ ಪ್ರದರ್ಶನ. ಮತ್ತೊಂದು ವಾರ, "ಬಣ್ಣ ಹೊಡೆಸೋಣ, ಆಮೇಲೆ ಹೋದ್ರಾಯ್ತು." ಅಷ್ಟರಲ್ಲಿ ಮುದುಕಿ ಹಾಸಿಗೆ ಹಿಡಿದ ಸುದ್ದಿ ಬಂತು. ಅದರ ಮರುದಿನ ಬೆಳಿಗ್ಗೆ ನಾನು ಹೊರಗೆ ಬಂದಾಗ ರಾಯರ ಹೆಂಡತಿ ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದರು. ಮಡಿಲಲ್ಲಿ ಒಂದು ಚೀಲ.

"ಏನೇ ಇದು, ಇಳಿ" ಎಂದರು ರಾಯರು.

"ನಾನು ಇಳಿಯುದಿಲ್ಲ" ಎಂದರು ಅವರು. ದನಿ ಏರಲಿಲ್ಲ. "ಈ ಕಾರಿಂದ ನಮ್ಮ ಮನೆಯ ಹೆಂಗಸರು ಇಳಿದದ್ದು ಒಂದು ಸಲ ಸಾಕು. ಎರ್ಣಾಕುಳಕ್ಕೆ ಹೋಗುವ."

ರಾಯರು ನಶ್ಯದ ಡಬ್ಬಿ ತೆರೆದು, ಹಾಗೆಯೇ ಮುಚ್ಚಿ, ಹ್ಯಾಂಡಲ್ ಹೊಡೆಯಲು ನನಗೆ ಸನ್ನೆ ಮಾಡಿದರು. ಅವರು ಸೋತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕೊಟ್ಟಾರಕ್ಕರ, ಕೋಟ್ಟಯಂ ದಾರಿಯಲ್ಲಿ ಸಿಕ್ಕ ಬಾವಿಗಳ ನೀರನ್ನೆಲ್ಲ ರೇಡಿಯೇಟರಿಗೆ ಕುಡಿಸುತ್ತಾ, ನಿಲ್ಲಿಸಿದರೆ ಮತ್ತೆ ಹೊರಡದೆಂಬ ಹೆದರಿಕೆಯಲ್ಲಿ ಎಂಜಿನ್ ಆರಿಸದೆ, ಸಂಜೆಯ ಹೊತ್ತಿಗೆ ಹೋಟೆಲಿನ ಮುಂದೆ ಮುಟ್ಟಿದೆವು.

ಸದ್ದು ಕೇಳಿ ಮುದುಕಿಯೇ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಸಣ್ಣ ಜೀವ. ಮಗಳು ಕೈ ಹಿಡಿದು ಕರೆತಂದರೆ ಫುಟ್‌ಬೋರ್ಡಿನ ಹತ್ತಿರ ನಿಂತುಬಿಟ್ಟರು. ಅಭ್ಯಾಸದಂತೆ ಸೆರಗಿನಲ್ಲಿ ಕೈ ಒರೆಸಿಕೊಂಡರು, ಆ ಕೈಯನ್ನೇ ಮೂಸಿ ನೋಡಿದರು. ಅಷ್ಟರಲ್ಲಿ ಹಿಂದಿನಿಂದ ನೀಲಿ ಹೊಗೆಯ ಒಂದು ಅಲೆ ಬಂದು ಅವರನ್ನು ಸುತ್ತಿಕೊಂಡಿತು. ಮುದುಕಿ ತಲೆಯೆತ್ತಿ ಉಸಿರೆಳೆದುಕೊಂಡರು. ಮತ್ತೊಮ್ಮೆ ಎಳೆದುಕೊಂಡರು.

"ಇದೆಂತ ಮೋಳೇ, ನಮ್ಮ ಅಡುಗೆಮನೆಯೇ ಬೀದಿಗೆ ಬಂದು ನಿಂತದ್ದಾ?" ಎಂದು ನಕ್ಕರು. ನಕ್ಕು ನಕ್ಕು ಕೆಮ್ಮು ಬಂತು. "ಕಾರೇ ಉಪ್ಪೇರಿ ವಾಸನೆ ಬರ್ತಾ ಉಂಟು. ಇನ್ನು ನಿನ್ನ ಅಪ್ಪಯ್ಯ ಯಾರನ್ನು ಇಳಿಸುದು?"

"ಯಾವ ವಾಸನೆ?" ಎಂದರು ಸ್ಟಿಯರಿಂಗ್ ಹಿಡಿದಿದ್ದ ರಾಯರು ಮುಂದಿನ ಸೀಟಿನಿಂದ, ಗಾಳಿಯಲ್ಲಿ ಮೂಗಾಡಿಸುತ್ತಾ.

ಮುದುಕಿ ಹತ್ತಿ ಕೂತರು. ಕಾಯಲಿನ ದಂಡೆಯಲ್ಲಿ ಕಾರು ನಿಧಾನಕ್ಕೆ ಹೊರಟಿತು. ಒಂದು ಕಡೆ ದೋಣಿಗಳು, ದೂರದಲ್ಲಿ ಹಡಗುಗಳು, ಇನ್ನೊಂದು ಕಡೆ ತಿರುಗಿ ನೋಡುವ ಜನ. ಇಷ್ಟು ವರ್ಷ ಬೀದಿಗೆ ಬೆನ್ನು ಹಾಕಿ ಬಾಣಲೆಯ ಮುಂದೆ ಕೂತಿದ್ದವರು ಕಿಟಕಿಯ ಅಂಚು ಹಿಡಿದು ಎಲ್ಲವನ್ನೂ ನೋಡಿದರು. ದಂಡೆಯ ತುದಿ ಮುಟ್ಟಿ, ತಿರುಗಿ, ಹೋಟೆಲಿನ ಹತ್ತಿರ ಬರುತ್ತಿದ್ದಂತೆ ಅವರ ಕಣ್ಣು ತುಂಬಿತ್ತು. ಮಗಳ ಕೈ ತಟ್ಟಿ ಅಂದರು: "ಮತಿ ಮೋಳೇ. ಮತಿ."

ರಾಯರ ಬೆನ್ನು ನೆಟ್ಟಗಾಯಿತು. "ಕೇಳಿಸ್ತೇನ್ರೀ ಕಾಸರಗೋಡು? ಅತ್ತೆಯವರೂ ಒಪ್ಕೊಂಡ್ರು."

ಸಾಕಾಯಿತು, ಇಳಿಸಿ ಎನ್ನುತ್ತಿದ್ದಾರೆ ಸಾರ್ ಎಂದು ನಾನು ಬಾಯಿ ತೆರೆದೆ. ರಾಯರ ಹೆಂಡತಿ ಹಿಂದಿನಿಂದ ನನ್ನ ಭುಜ ಒತ್ತಿದರು.

"ಹೌದು" ಎಂದರು ಗಂಡನಿಗೆ. "ನಿಮ್ಮ ಮತಿಯನ್ನೇ ಹೇಳಿದ್ದು ಅಮ್ಮ."

ಹೊಗಳಿಸಿಕೊಂಡ ರಾಯರು ನಿಲ್ಲಿಸುವುದುಂಟೇ! ಹಾರ್ನ್ ಒತ್ತಿ, ಹೋಟೆಲನ್ನು ದಾಟಿ, ದಂಡೆಗುಂಟ ಇನ್ನೊಂದು ಸುತ್ತು ಹೊಡೆದರು. ಮುದುಕಿ ಮತ್ತೆ ಮತಿ ಎನ್ನಲಿಲ್ಲ. ಕಿಟಕಿಗೆ ತಲೆಯಾನಿಸಿ, ಹೊತ್ತು ಇಳಿಯುತ್ತಿದ್ದ ನೀರನ್ನು ನೋಡುತ್ತಾ ಕೂತರು. ಮುಂದಿನ ಮಳೆಗಾಲಕ್ಕೆ ಅವರಿರಲಿಲ್ಲ.

ರಾಯರು ಕೊನೆಯವರೆಗೂ ಆ ಮಾತಿನ ಅರ್ಥ ತಿಳಿಯದೆಯೇ ಮೈಸೂರಿಗೆ ಮರಳಿದರು, ತಿಳಿಯದೆಯೇ ಸತ್ತರು. ದಡ್ಡರು, ಜಂಬದವರು, ಇನ್ನೊಬ್ಬರ ಕೆಲಸಕ್ಕೆ ತಮ್ಮ ಹೆಸರು ಹಚ್ಚುವವರು. ಇದರಲ್ಲಿ ಒಂದಕ್ಷರವನ್ನೂ ನಾನು ಹಿಂದೆಗೆದುಕೊಳ್ಳುವುದಿಲ್ಲ. ಆದರೆ ಸಭೆಯಲ್ಲಿ ಗಂಟಲು ಕಟ್ಟಿದ್ದು ಪೂರ್ತಿ ನೆಪವಾಗಿರಲಿಲ್ಲ. ನನಗೆ ಮಲಯಾಳ ಚೆನ್ನಾಗಿ ಬರುತ್ತದೆ. ಅವತ್ತು ಸ್ಟಿಯರಿಂಗ್ ನನ್ನ ಕೈಯಲ್ಲಿದ್ದಿದ್ದರೆ ಮೊದಲನೆಯ ಮತಿಗೇ ಆಕೆಯನ್ನು ಇಳಿಸಿಬಿಡುತ್ತಿದ್ದೆ.